ಕಡೆಯುವ ಕೋಲನ್ನು ಕಡೆಯುವುದು

ಅಥವಾ ಅದಕ್ಕೆ ಎಸಳುಗಳೇ ಇರಲಿಲ್ಲವೋ ಏನೋ. ಅಮ್ಮನ ಕಡಗೋಲಿನ ತಲೆ ಅರೆಬಿರಿದ ತಾವರೆಯ ಹಾಗಿತ್ತೆಂದು ನಾನು ಇಷ್ಟು ವರ್ಷ ನಂಬಿಕೊಂಡು ಬಂದವಳು. ಕೇಳಿದವರಿಗೆ ಹಾಗೆಂದೇ ಹೇಳಿದವಳು, ಕೇಳದವರನ್ನೂ ನಿಲ್ಲಿಸಿಕೊಂಡು ಹೇಳಿದವಳು. ಈ ಯುಗಾದಿಗೆ ಸನ್ನಿವೇಲ್‌ನ ಗ್ರೋಸರಿಯಲ್ಲಿ ತೊಗರಿಬೇಳೆಯ ಜೊತೆಗೆ ಸುರುಳಿ ಸುತ್ತಿ ಕೊಟ್ಟ ಕ್ಯಾಲೆಂಡರನ್ನು ಮನೆಗೆ ತಂದು ಬಿಡಿಸಿದರೆ, ಅದರಲ್ಲಿ ತುಂಟ ಕೃಷ್ಣ ಯಶೋದೆಯ ಕೈಯಿಂದ ಕಡಗೋಲನ್ನು ಕಿತ್ತುಕೊಂಡು ಓಡುತ್ತಿದ್ದಾನೆ. ಅದರ ತಲೆ ಅರೆಬಿರಿದ ತಾವರೆ. ಯಶೋದೆಯ ಬಳೆ ಹಸಿರು. ನನ್ನ ನೆನಪಿನಲ್ಲಿ ಮಜ್ಜಿಗೆ ಕಡೆಯುವ ಅಮ್ಮನ ಬಳೆಗಳೂ ಹಸಿರು. ಹಾಸನದ ನಮ್ಮ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ, ಒಲೆಯ ಹೊಗೆಗೆ ಅಂಚು ಕಂದಿದ ಇಂಥದೇ ಒಂದು ಕ್ಯಾಲೆಂಡರು ತೂಗುತ್ತಿತ್ತು ಎನ್ನುವುದಂತೂ ನಿಜ. ಇಲ್ಲ, ಅದನ್ನೂ ಆಣೆಯಿಟ್ಟು ಹೇಳಲಾರೆ.

ಒಂದು ಕೋಲಿನ ತಲೆಗೆ ಇಷ್ಟು ತಲೆಕೆಡಿಸಿಕೊಳ್ಳಬೇಕೆ ಎಂದು ನೀವು ಕೇಳಬಹುದು. ನನ್ನ ಗಂಡ ದಿನಾ ಕೇಳುತ್ತಾರೆ. ಆದರೆ ಹೋದ ಚಳಿಗಾಲದಿಂದ ನಾನು ಪ್ರತಿ ಶನಿವಾರ ಮೌಂಟನ್ ವ್ಯೂನ ನಮ್ಮ ಅಪಾರ್ಟ್‌ಮೆಂಟಿನಿಂದ ಹೊರಟು, ಕೊಲ್ಲಿಯ ಮೇಲಿನ ಸೇತುವೆ ದಾಟಿ, ಹೇವರ್ಡ್‌ನ ಗೋದಾಮುಗಳ ನಡುವೆ ಇರುವ ಹಲವರು ಹಂಚಿಕೊಂಡು ಬಳಸುವ ಒಂದು ಮರಗೆಲಸದ ಶೆಡ್ಡಿಗೆ ಹೋಗಿ, ಮರವನ್ನು ಗಿರಗಿರ ತಿರುಗಿಸುವ ಲೇತಿನ ಮುಂದೆ ನಿಂತು ಕೈ ಪಳಗಿಸುತ್ತಿದ್ದೆ; ಯುಗಾದಿಯಿಂದ ಈಚೆಗೆ ಅಲ್ಲಿ ಮಾಡುತ್ತಿದ್ದದ್ದು ಒಂದೇ ಕೆಲಸ: ಅಮ್ಮನ ಕಡಗೋಲನ್ನು ಮತ್ತೆ ಮಾಡುವುದು. ಮೂಲ ಕೋಲು ಎಲ್ಲಿ ಹೋಯಿತೋ ತಿಳಿಯದು. ಮನೆಗೆ ಮಿಕ್ಸಿ ಬಂದ ಕಾಲಕ್ಕೆ ಅದು ಅಟ್ಟಕ್ಕೆ ಹೋಯಿತು, ನಾವು ಮನೆ ಬದಲಾಯಿಸಿದಾಗ ಅಟ್ಟ ಅಲ್ಲೇ ಉಳಿಯಿತು. ಅದರ ಫೋಟೋ ಇಲ್ಲ. ಮಜ್ಜಿಗೆ ಕಡೆಯುವವಳ ಫೋಟೋವನ್ನು ಆಗ ಯಾರು ತೆಗೆಯುತ್ತಿದ್ದರು?

ಆ ಕೋಲನ್ನು ಕಂಡವರು ಈಗ ಇಬ್ಬರೇ, ನಾನು ಮತ್ತು ನನ್ನ ಅಕ್ಕ. ಜಯಕ್ಕ ಸನ್ನಿವೇಲ್‌ನಲ್ಲಿ ತನ್ನ ಮನೆಯಲ್ಲೇ ಡೇಕೇರು ನಡೆಸಿ, ಆ ಊರಿನ ಅರ್ಧ ಕನ್ನಡ ಮಕ್ಕಳ ಮೂಗು ಒರೆಸಿ ದೊಡ್ಡವರನ್ನಾಗಿ ಮಾಡಿದವಳು. ಮಗನಿಗೆ ಆಸ್ಟಿನ್ನಿನಲ್ಲಿ ಮನೆಯಾಗಿದೆ. ಈ ಬೇಸಿಗೆ ಮುಗಿಯುವುದರೊಳಗೆ ಅಕ್ಕನೂ ಅವನ ಸಂಸಾರದ ಜೊತೆ ಅಲ್ಲಿಗೆ ಹೊರಡಬೇಕಿತ್ತು. ಯುಗಾದಿಯ ದಿನ ಒಬ್ಬಟ್ಟು ತಟ್ಟುತ್ತಾ ಅವಳು ಹೇಳಿದಳು: "ಗೋಕುಲಾಷ್ಟಮಿಗೆ ಹೊಸ ಮನೇಲಿ ಕೃಷ್ಣನ ಪಕ್ಕ ಇಡೋಕೆ ಒಂದು ಕಡಗೋಲು ಮಾಡ್ಕೊಡೇ. ಅಮ್ಮಂದು ಇತ್ತಲ್ಲ, ಅದೇ ಥರ." ನಾನು ಹೂಂ ಎಂದೆ. ಅದೇ ಥರ ಎನ್ನುವ ಎರಡು ಮಾತಿನೊಳಗೆ ಏನೆಲ್ಲ ಅಡಗಿದೆ ಎಂಬುದು ಮರಕ್ಕೆ ಉಳಿ ಮುಟ್ಟಿಸುವವರೆಗೂ ಹೊಳೆಯಲಿಲ್ಲ. ಹೊಳೆದಾಗ ಗಾಬರಿಯೂ ಆಯಿತು. ಅಕ್ಕ ಹೊರಟುಹೋದರೆ ನನ್ನ ನೆನಪಿಗೆ ಇರುವ ಒಬ್ಬಳೇ ಸಾಕ್ಷಿ ಹೊರಟುಹೋಗುತ್ತಾಳೆ. ಆಮೇಲೆ ನಾನು ಏನು ಹೇಳಿದರೂ ಅದೇ ನಿಜ. ಅಂಥ ಸ್ವಾತಂತ್ರ್ಯ ನನಗೆ ಬೇಡವಾಗಿತ್ತು.

ನಮ್ಮ ಭಾಷೆ ಇಲ್ಲಿ ಒಂದು ಕಣ್ಣುಮುಚ್ಚಾಲೆ ಆಡುತ್ತದೆ. ಮೊಸರನ್ನೂ ಕಡೆಯುತ್ತೇವೆ, ಲೇತಿನ ಮೇಲೆ ಮರವನ್ನೂ ಕಡೆಯುತ್ತೇವೆ. ಹಾಗಾಗಿ ನಾನು ಮಾಡುತ್ತಿದ್ದದ್ದು ಕಡೆಯುವ ಕೋಲನ್ನು ಕಡೆಯುವ ಕೆಲಸ. ಕಡೆ ಎಂದರೆ ಪಕ್ಕವೂ ಹೌದು, ಕೊನೆಯೂ ಹೌದು. ಆಡುಮಾತಿಗೆ ಬಂದರೆ ಇವುಗಳ ಮಗ್ಗುಲಲ್ಲೇ ಕೊಡಲಿ ಹಿಡಿದ ಕಡಿಯುವುದೂ ಬಂದು ಕೂರುತ್ತದೆ. ಒಂದು ಶನಿವಾರ ಅಕ್ಕ ಫೋನು ಮಾಡಿದಾಗ ನನ್ನ ಗಂಡ ಎತ್ತಿಕೊಂಡು, "ಸುಮಾ ಹೇವರ್ಡಲ್ಲಿ ಕಡೀತಿದಾಳೆ ಜಯಕ್ಕ" ಎಂದರಂತೆ.

"ಅದೇನು ಕಡಿದು ಗುಡ್ಡೆ ಹಾಕ್ತಿದಾಳಂತೆ ಅಲ್ಲಿ?"

"ಗುಡ್ಡೆಯಂತೂ ಬಿದ್ದಿದೆ. ಕಾರಿನ ಡಿಕ್ಕಿ ತುಂಬಾ ಬರೀ ಕೋಲು. ಪೊಲೀಸರು ಹಿಡಿದ್ರೆ ನಾನಂತೂ ಬಿಡಿಸ್ಕೊಂಡು ಬರಲ್ಲ."

ಡಿಕ್ಕಿಯಲ್ಲಿದ್ದದ್ದು ಅಕ್ಕ ಒಪ್ಪದ ಕೋಲುಗಳು. ಅವು ಅಲ್ಲಿಗೆ ಸೇರಿದ ಕಥೆಗೆ ಮುಂಚೆ ಉಳಿಗಳ ಕಥೆ ಹೇಳಬೇಕು, ಏಕೆಂದರೆ ನನ್ನ ಚಂಚಲತೆ ಮೊದಲು ಪ್ರಕಟವಾದದ್ದು ಉಳಿಗಳ ಆಯ್ಕೆಯಲ್ಲಿ.

ಶೆಡ್ಡಿನಲ್ಲಿ ನನ್ನ ಪಕ್ಕದ ಲೇತಿನವರು ನಸೀರ್ ಸಾಹೇಬರು. ಮೈಸೂರಿನವರು, ನೆಟ್‌ವರ್ಕಿನ ಕೆಲಸದಿಂದ ನಿವೃತ್ತರಾದವರು. ಅವರ ಕಪಾಟಿನಲ್ಲಿ ಉಳಿಗಳು ಹಲ್ಲುಜ್ಜಿದ ಮಕ್ಕಳ ಹಾಗೆ ಸಾಲಾಗಿ ಹೊಳೆಯುತ್ತ ನಿಂತಿರುತ್ತವೆ. ಅವುಗಳಿಂದ ಅವರು ಇದುವರೆಗೆ ಮಾಡಿ ಮುಗಿಸಿದ್ದು ಒಂದು ಉಪ್ಪಿನ ಬಟ್ಟಲು ಮತ್ತು ಅದರ ಮುಚ್ಚಳ, ಅದೂ ಒಂದಕ್ಕೊಂದು ಕೂರುವುದಿಲ್ಲ. ಮೊದಲ ದಿನ ನಾನು ಶೆಡ್ಡಿನ ಹಳೆಯ ಉಳಿಯೊಂದನ್ನು ಹಿಡಿದು ನಿಂತದ್ದನ್ನು ಕಂಡು ಅವರಿಗೆ ತಡೆಯಲಾಗಲಿಲ್ಲ.

"ಮೇಡಂ, ಅದರಲ್ಲಿ ಬೆಣ್ಣೇನೂ ಕುಯ್ಯಕ್ಕಾಗಲ್ಲ. ಒಂದು ಒಳ್ಳೇ ಉಳಿ ತಗೊಂಡ್ಬಿಡಿ, ಅರ್ಧ ಕೆಲಸ ಆದಂಗೆ."

"ಉಳಿದರ್ಧ?"

"ಉಳಿದರ್ಧಕ್ಕೆ ಇನ್ನೊಂದು ಉಳಿ."

ಈ ಶ್ಲೇಷೆ ಅವರಿಗೆ ತಿಳಿದು ಬಂತೋ ತಿಳಿಯದೆ ಬಂತೋ ಗೊತ್ತಿಲ್ಲ. ನಾನಂತೂ ಅದಕ್ಕೆ ಮರುಳಾಗಿ ಮೊದಲು ಕೊಂಡದ್ದು ಕಾರ್ಬೈಡ್ ತುದಿಯ ಉಳಿ. ಇದು ಸೋಮಾರಿಗಳ ಸೌಭಾಗ್ಯ. ತುದಿಯಲ್ಲಿ ಉಗುರಿನಷ್ಟು ಅಗಲದ ಗಟ್ಟಿ ಅಲಗೊಂದನ್ನು ತಿರುಪಿನಿಂದ ಬಿಗಿದಿರುತ್ತಾರೆ. ಮೊಂಡಾದರೆ ಸಾಣೆ ಹಿಡಿಯುವ ಗೋಜಿಲ್ಲ, ಅಲಗನ್ನು ಸ್ವಲ್ಪ ತಿರುಗಿಸಿಕೊಂಡರೆ ಹೊಸ ಅಂಚು. ಅದನ್ನು ಮಟ್ಟವಾಗಿ ಹಿಡಿದು ತಿರುಗುವ ಮರಕ್ಕೆ ಒಡ್ಡಿದರೆ ಸಾಕು, ಮರ ತಾನಾಗಿಯೇ ಸವೆಯುತ್ತದೆ. ಆದರೆ ಅದು ಕುಯ್ಯುವುದಿಲ್ಲ, ಕೆರೆಯುತ್ತದೆ. ಕೆರೆದ ಮೈಮೇಲೆ ನಾರೆದ್ದು, ಕ್ಷೌರಿಕ ಅರ್ಧಕ್ಕೆ ಎದ್ದುಹೋದ ಗಲ್ಲದ ಹಾಗೆ ಕಾಣುತ್ತದೆ. ಅದನ್ನು ಮುಚ್ಚಲು ಮರಳು ಕಾಗದ. ಮರಳು ಕಾಗದ ಉಜ್ಜಿದಷ್ಟೂ ನಾರು ಹೋಗುತ್ತದೆ, ಜೊತೆಗೆ ಅಂಚುಗಳೂ ಹೋಗುತ್ತವೆ. ಕಡೆಗೆ ಉಳಿಯುವುದು ನುಣುಪಾದ, ಸಭ್ಯವಾದ, ಯಾರದೂ ಅಲ್ಲದ ಒಂದು ವಸ್ತು. ನನ್ನ ಬಾಲ್ಯದ ನೆನಪುಗಳನ್ನು ನಾನು ಸಮಾರಂಭಗಳಲ್ಲಿ ಹೇಳುವಾಗ ಆಗುವುದೂ ಬಹುಶಃ ಇದೇ.

ಈ ಅನುಮಾನ ಹತ್ತಿದ ಮೇಲೆ ಆ ಉಳಿಯನ್ನು ಮುಟ್ಟಲು ಮನಸ್ಸಾಗದೆ ಓರೆಬಾಯಿಯ ಉಳಿಗೆ ಹೋದೆ. ಇದರ ಮರ್ಜಿಯೇ ಬೇರೆ. ಇದರ ಇಳಿಜಾರಾದ ಬೆನ್ನನ್ನು ಮೊದಲು ತಿರುಗುವ ಮರದ ಮೇಲೆ ಸುಮ್ಮನೆ ಒರಗಿಸಬೇಕು, ಏನೂ ಕುಯ್ಯಬಾರದು. ಆಮೇಲೆ ಹಿಡಿಯನ್ನು ಕೂದಲೆಳೆಯಷ್ಟು ಎತ್ತಿದರೆ, ಅಲಗು ಎಚ್ಚೆತ್ತು, ರಿಬ್ಬನ್ನಿನಂಥ ಮರದ ಹೆರೆ ಹೆಗಲ ಮೇಲೆ ಹಾರಿ ಬೀಳುತ್ತದೆ. ಕೆಳಗೆ ಕಾಣುವ ಮರದ ಮೈಗೆ ಮರಳು ಕಾಗದ ತೋರಿಸುವುದೇ ಅವಮಾನ. ಆದರೆ ಗಮನ ಒಂದು ಚೂರು ಆಚೀಚೆಯಾಗಿ ಅಲಗಿನ ಮೇಲಿನ ಮೊನೆ ಮರಕ್ಕೆ ತಾಕಿತೋ, ಢಬ್ಬೆಂದು ಸಿಕ್ಕಿಕೊಂಡು, ತಿರುಗಣೆ ಮೊಳೆಯಂತೆ ಸುತ್ತುತ್ತ ಒಂದು ಗಾಯವನ್ನು ಕೊರೆದುಬಿಡುತ್ತದೆ. ಇದನ್ನು ಇಲ್ಲಿಯವರು ಕ್ಯಾಚು ಎನ್ನುತ್ತಾರೆ. ನನ್ನ ಮೊದಲ ಕ್ಯಾಚಿಗೆ ಇಡೀ ಶೆಡ್ಡು ತಿರುಗಿ ನೋಡಿತು. ನಸೀರ್ ಸಾಹೇಬರು ಮಾತ್ರ ತಮ್ಮ ಲೇತು ನಿಲ್ಲಿಸಿ, ಬಲಗೈಯ ತೋರುಬೆರಳನ್ನು ಅಂಪೈರಿನ ಹಾಗೆ ಮೇಲೆತ್ತಿದರು.

"ಕ್ಯಾಚ್! ನಡೀರಿ ಮೇಡಂ, ಪೆವಿಲಿಯನ್ನಿಗೆ. ಚಾಯ್ ಕುಡಿಯೋಣ."

ನಾನು ಒಂದರಲ್ಲಿ ನಿಲ್ಲುವವಳಲ್ಲ. ಓರೆಬಾಯಿಗೆ ಹೆದರಿ ದೋಣಿಯಂತೆ ಬಾಗಿದ ಅಲಗಿನ ಉಳಿಗೆ, ಅಲ್ಲಿಂದ ಬೇಸತ್ತು ಮತ್ತೆ ಕಾರ್ಬೈಡಿಗೆ, ನಾಚಿಕೆಯಾಗಿ ಮತ್ತೆ ಓರೆಬಾಯಿಗೆ. ಮರದ ವಿಷಯದಲ್ಲೂ ಅಷ್ಟೇ: ಮೇಪಲ್, ವಾಲ್ನಟ್, ಸನ್ನಿವೇಲ್‌ನ ಯಾರದೋ ಹಿತ್ತಿಲಲ್ಲಿ ಉರುಳಿಸಿದ ಮುದಿ ಏಪ್ರಿಕಾಟ್ ಮರದ ಕೊಂಬೆ. ಉದ್ದನೆಯ ಸಪೂರ ಕೋಲು ಲೇತಿನ ಮೇಲೆ ನಡುವಿನಲ್ಲಿ ಕುಣಿಯತೊಡಗುತ್ತದೆ. ಹಿಂದಿನಿಂದ ಎಡಗೈಯ ಬೆರಳುಗಳನ್ನು ಹೂವಿನಷ್ಟು ಹಗುರವಾಗಿ ಆನಿಸಿ ಅದನ್ನು ಸಮಾಧಾನಪಡಿಸಬೇಕು. ಬಿಗಿ ಹಿಡಿದರೆ ಬೆರಳು ಸುಡುತ್ತದೆ, ಬಿಟ್ಟರೆ ಕೋಲು ನಡುಗಿ ಮೈತುಂಬ ಅಲೆ ಬೀಳುತ್ತದೆ. ಇದೊಂದನ್ನು ಮಾತ್ರ ಯಾರೂ ಹೇಳಿಕೊಡದೆ ಕಲಿತೆ. ಅಕ್ಕನ ಜೊತೆ ಇಷ್ಟು ವರ್ಷ ಬಾಳಿದ್ದರಿಂದ ಇರಬಹುದು.

ಇನ್ನು ತಲೆಯ ಪ್ರಶ್ನೆ. ಲೇತಿಗೆ ಬರುವುದು ಉರುಟು ಮಾತ್ರ. ಏನನ್ನೇ ಕೊಡಿ, ಮೂಲೆ ಕಳೆದು ಗುಂಡಗೆ ಮಾಡಿಕೊಡುತ್ತದೆ. ಎಸಳೋ ಸೀಳೋ ಬೇಕಾದರೆ ಯಂತ್ರ ನಿಲ್ಲಿಸಿ, ಗರಗಸ ಹಿಡಿದು, ಕೈಯಲ್ಲೇ ಮಾಡಬೇಕು. ಅಂದರೆ ಅಲ್ಲಿಗೆ ಬಂದಾಗ ನಾನು ನಿರ್ಧರಿಸಲೇಬೇಕು. ನಾನು ತಾವರೆಯೆಂದೆ. ಅಕ್ಕ ಅದನ್ನು ನೋಡಿದ್ದೇ ನಕ್ಕುಬಿಟ್ಟಳು.

"ಇದೇನೇ ಇದು, ಮದುವೆ ಮಂಟಪದ ಕಂಬ ಇದ್ದಂಗಿದೆ! ಅಮ್ಮಂದು ಗುಂಡಗಿತ್ತು ಕಣೇ. ಸಣ್ಣ ತೆಂಗಿನಕಾಯಿ ಥರ. ಅಡ್ಡಕ್ಕೊಂದು ಉದ್ದಕ್ಕೊಂದು ಸೀಳು, ಅಷ್ಟೇ."

"ಇಲ್ಲಕ್ಕಾ, ಎಸಳಿತ್ತು. ಒಂದು ಎಸಳಿನ ತುದಿ ಮುರಿದಿತ್ತು."

"ನೀನಾಗ ಎಷ್ಟಿದ್ದೆ? ಇಷ್ಟುದ್ದ ಇದ್ದೆ. ಮೂಗಲ್ಲಿ ಸಿಂಬಳ ಬೇರೆ."

ಸಿಂಬಳದ ಬಗ್ಗೆ ಅಕ್ಕನಷ್ಟು ಅಧಿಕಾರದಿಂದ ಮಾತಾಡಬಲ್ಲವರು ಈ ಸೀಮೆಯಲ್ಲಿ ಯಾರೂ ಇಲ್ಲ. ಅವಳ ಕಡೆ ಅವಳು, ನನ್ನ ಕಡೆ ನಾನು. ಆಗ ಅಕ್ಕನೇ ಒಂದು ದಾರಿ ಹುಡುಕಿದಳು. ಆಕಾರ ಬೇಡ, ಸದ್ದು ನೋಡೋಣ, ಎಂದಳು. ಬೆಳಗ್ಗೆ ಹಾಸಿಗೆಯಲ್ಲಿ ಕಣ್ಣು ಮುಚ್ಚಿಕೊಂಡೇ ನಾವಿಬ್ಬರೂ ಕೇಳುತ್ತಿದ್ದ ಆ ಸದ್ದು, ಅಂಗೈಗಳ ನಡುವೆ ಕೋಲು ಹಿಂದೆ ಮುಂದೆ ಹೊರಳುವಾಗ ಬರುತ್ತಿದ್ದ ಗುಳುಗುಳು. ಅದನ್ನು ಬಾಯಲ್ಲಿ ಮಾಡಿ ತೋರಿಸಲು ಇಬ್ಬರಿಗೂ ಬಾರದು, ಬಂದರೆ ಗುರುತಿಸುತ್ತೇವೆ ಎಂಬುದರಲ್ಲಿ ಮಾತ್ರ ಇಬ್ಬರಿಗೂ ಸಂಶಯವಿಲ್ಲ. ನನಗೆ ಈ ಉಪಾಯ ಬಹಳ ಹಿಡಿಸಿತು. ಕ್ಯಾಲೆಂಡರು ಆಕಾರವನ್ನು ಕೆಡಿಸಬಹುದು, ಸದ್ದನ್ನು ಯಾವ ಕ್ಯಾಲೆಂಡರು ಕೆಡಿಸೀತು?

ಅಲ್ಲಿಂದ ಶುರುವಾಯಿತು ಪರೀಕ್ಷೆ. ಅಕ್ಕನ ಅಡುಗೆಮನೆಯಲ್ಲಿ, ಅವಳ ದೊಡ್ಡ ಸ್ಟೀಲಿನ ಪಾತ್ರೆಯಲ್ಲಿ, ಅವಳೇ ಹೆಪ್ಪು ಹಾಕಿದ ಮೊಸರಿನಲ್ಲಿ. ಅವಳು ಕಣ್ಣು ಮುಚ್ಚಿ ಕಡೆಯುವಳು, ನಾನು ಉಸಿರು ಬಿಗಿಹಿಡಿದು ನಿಲ್ಲುವೆ. "ಊಹೂಂ, ಅದಲ್ಲ." ವಾಲ್ನಟ್ಟಿನದು ಬಡಬಡ. ಮೇಪಲ್ಲಿನದು ಚಮಚ ಅಲ್ಲಾಡಿಸಿದಂಗೆ. ಎಸಳಿನದೂ ಅಲ್ಲ, ಸೀಳಿನದೂ ಅಲ್ಲ. ಒಪ್ಪದ ಕೋಲು ಡಿಕ್ಕಿಗೆ. ಕಡೆದ ಮಜ್ಜಿಗೆ ಹೊಟ್ಟೆಗೆ. ಅಕ್ಕನ ಮೊಮ್ಮಗಳು ಒಮ್ಮೆ ಅಡುಗೆಮನೆಗೆ ಇಣುಕಿ, "ಅಜ್ಜಿ, ನಾಟ್ ಅಗೇನ್" ಎಂದು ಹೊರಟುಹೋದಳು.

ಪ್ರತಿ ಸಲ ಫ್ರೀವೇ ಹಿಡಿದು ಓಡಿಬರುವುದು ತಪ್ಪಲಿ ಎಂದು ಒಮ್ಮೆ ಶೆಡ್ಡಿನಿಂದಲೇ ಫೋನಿನಲ್ಲಿ ಕೇಳಿಸಲು ನೋಡಿದೆ. ನಸೀರ್ ಸಾಹೇಬರು ಪಾತ್ರೆ ಹಿಡಿದುಕೊಂಡರು, ನಾನು ಕಡೆದೆ. ಅತ್ತ ಅಕ್ಕ, "ಶುರು ಮಾಡೇ, ಯಾಕೆ ಸುಮ್ನಿದೀಯ?" ಎನ್ನುತ್ತಾಳೆ. ಆಮೇಲೆ ನಸೀರ್ ಸಾಹೇಬರೇ ಬಿಡಿಸಿ ಹೇಳಿದರು: ಈಗಿನ ಫೋನು ಮಾತನ್ನು ಮಾತ್ರ ಆಚೆ ಬಿಡುತ್ತದೆ, ಒಂದೇ ಸಮ ಬರುವ ಸದ್ದನ್ನು ಗಲಾಟೆಯೆಂದು ತಿಳಿದು ಒರೆಸಿಹಾಕುತ್ತದೆ. "ಇದಕ್ಕೆ ಫ್ಯಾನೂ ಒಂದೇ, ನಿಮ್ಮಮ್ಮನ ಮಜ್ಜಿಗೇನೂ ಒಂದೇ ಮೇಡಂ." ಅಂದರೆ ಅಕ್ಕ ಆಸ್ಟಿನ್ನಿಗೆ ಹೋದ ಮೇಲೆ ಈ ಪರೀಕ್ಷೆ ನಡೆಯುವಂತಿಲ್ಲ. ಹೊರಡುವ ದಿನ ಹತ್ತಿರ ಬಂದಂತೆ ನಾನು ಉಳಿಗಳನ್ನು ಇನ್ನೂ ಬೇಗ ಬೇಗ ಬದಲಾಯಿಸತೊಡಗಿದೆ, ಕ್ಯಾಚುಗಳೂ ಬೇಗ ಬೇಗ ಬಿದ್ದವು.

ಇಲ್ಲಿ ನನ್ನ ಉದ್ಯೋಗವೇನೆಂದು ಹೇಳಲೇಬೇಕು, ನಗಲು ನಿಮಗೆ ಅನುಕೂಲವಾಗುತ್ತದೆ. ಬೇರೆಯವರು ಬರೆದ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಆಫೀಸಿನಲ್ಲಿ ಹೊಸಬರಿಗೆ ನಾನು ಮೊದಲು ಹೇಳಿಕೊಡುವ ಪಾಠ, ಏನು ಬದಲಾಗುತ್ತಿದೆ ಎಂಬುದನ್ನಲ್ಲ, ಏನು ಬದಲಾಗದೆ ಸುಮ್ಮನೆ ಕೂತಿದೆ ಎಂಬುದನ್ನು ಮೊದಲು ನೋಡಿ ಎಂದು. ಇಂಥವಳು ಮರ ಬದಲಾಯಿಸಿದೆ, ಉಳಿ ಬದಲಾಯಿಸಿದೆ, ತಲೆ ಬದಲಾಯಿಸಿದೆ. ಅಕ್ಕನ ಸ್ಟೀಲಿನ ಪಾತ್ರೆ ಮಾತ್ರ ಎಲ್ಲ ಪರೀಕ್ಷೆಗಳ ನಡುವೆ ಹೊಳೆಯುತ್ತ ಕೂತೇ ಇತ್ತು. ಕೋಲು ಮಾಡುವ ಸದ್ದಿನಲ್ಲಿ ಮುಕ್ಕಾಲು ಪಾಲು ಪಾತ್ರೆಯದೆಂಬುದು, ಅಮ್ಮ ಕಡೆಯುತ್ತಿದ್ದದ್ದು ಸ್ಟೀಲಿನಲ್ಲಿ ಅಲ್ಲವೇ ಅಲ್ಲವೆಂಬುದು, ಇಬ್ಬರು ಬುದ್ಧಿವಂತ ಹೆಂಗಸರ ಪೈಕಿ ಒಬ್ಬಳಿಗೂ ಹೊಳೆಯಲಿಲ್ಲ. ಮನೆಯಲ್ಲಿ ಪಾತ್ರೆಯೆಂದರೆ ಸ್ಟೀಲು ಎಂಬಷ್ಟು ಅದು ನಮಗೆ ಸಹಜವಾಗಿಬಿಟ್ಟಿತ್ತು.

ಹೊಳೆದದ್ದು ಸಾಮಾನು ಸಾಗಿಸುವ ದಿನ, ಅದೂ ಅಡ್ಡದಾರಿಯಲ್ಲಿ. ಬೆಳಗ್ಗೆ ನಾನು ಹೋದಾಗ ಅಕ್ಕನ ಅಡುಗೆಮನೆ ರಟ್ಟಿನ ಪೆಟ್ಟಿಗೆಗಳಾಗಿತ್ತು. ಟ್ರಕ್ಕಿನವರು ದಾರಿಯಲ್ಲಿದ್ದರು. ಫ್ರಿಜ್ಜು ಖಾಲಿ ಮಾಡುತ್ತಿದ್ದ ಅಕ್ಕನಿಗೆ ಒಂದು ಡಬ್ಬಿ ಮೊಸರು ಸಿಕ್ಕಿತು. ಅವಳ ಕೈಯಲ್ಲಿ ಮೊಸರು ಚೆಲ್ಲಿಸುವ ಶಕ್ತಿ ಇನ್ನೂ ಹುಟ್ಟಿಲ್ಲ.

"ಬಿಸಿಲಿದೆ, ಟ್ರಕ್ಕಿನ ಹುಡುಗರಿಗೂ ಆಗತ್ತೆ, ಮಜ್ಜಿಗೆ ಮಾಡಿಬಿಡೋಣ. ಮಿಕ್ಸಿ ಪ್ಯಾಕಾಗಿದೆ. ಡಿಕ್ಕೀಲಿ ಇದೆಯಲ್ಲ ನಿನ್ನ ಸಂಪತ್ತು, ಒಂದು ಕೋಲು ತಾ."

"ಯಾವುದು?"

"ಯಾವುದಾದರೇನು, ಎಲ್ಲಾ ಒಂದೇ ಸಮ ಕೆಟ್ಟವು."

ನಾನು ಕೈಗೆ ಸಿಕ್ಕಿದ್ದನ್ನು ತಂದೆ. ಅದು ಏಪ್ರಿಕಾಟ್ ಮರದ್ದು, ತಲೆಯ ಕೆಳಗೆ ಕ್ಯಾಚಿನ ಗಾಯ ಸುರುಳಿಯಾಗಿ ಇಳಿದದ್ದು. ಎಸಳು ಮಾಡಹೊರಟು ನಡುವೆ ಮನಸ್ಸು ಬದಲಾಯಿಸಿ ಸೀಳಿಗೆ ಇಳಿದಿದ್ದರಿಂದ ಅದರ ತಲೆ ತಾವರೆಯೂ ಅಲ್ಲ, ತೆಂಗಿನಕಾಯಿಯೂ ಅಲ್ಲ. ಪಾತ್ರೆಗಳೆಲ್ಲ ಪೆಟ್ಟಿಗೆ ಸೇರಿದ್ದವು. ಉಳಿದಿದ್ದದ್ದು, ಯಾರಿಗೋ ಕೊಡಲೆಂದು ಪಕ್ಕಕ್ಕಿಟ್ಟಿದ್ದ ನಿಧಾನವಾಗಿ ಬೇಯಿಸುವ, ಕರೆಂಟಿನ ಹಳೆಯ ಸ್ಲೋ ಕುಕ್ಕರು. ಅಕ್ಕ ಅದರೊಳಗಿನ ದಪ್ಪ ಪಿಂಗಾಣಿಯ ಕೊಳಗವನ್ನು ಎತ್ತಿ ನೆಲದ ಮೇಲಿಟ್ಟು, ಮೊಸರು ಸುರಿದು, ಪಾದಗಳ ನಡುವೆ ಇರುಕಿಕೊಂಡು ಕೂತಳು. ನಾನು ಟೇಪು ಅಂಟಿಸುತ್ತ, ಹೊಸ ಮನೆಗೆ ಕಿಟಕಿ ಪರದೆ ಎಂಥದು ಹಾಕುತ್ತೀ ಎಂದು ಏನೋ ಕೇಳುತ್ತಿದ್ದೆ.

"ಸುಮಾ, ಮಾತಾಡ್ಬೇಡ."

ಅವಳ ದನಿ ಕೇಳಿ ತಿರುಗಿ ನೋಡಿದೆ. ಕೈ ನಿಂತಿರಲಿಲ್ಲ. ಲೇತು ಒಂದೇ ಕಡೆಗೆ ತಿರುಗುತ್ತದೆ. ಕಡಗೋಲು ಹಾಗಲ್ಲ, ಹೋದಷ್ಟೇ ಹಿಂದಕ್ಕೂ ಬರುತ್ತದೆ. ಕೊಳಗದೊಳಗಿಂದ ಸದ್ದು ಬರುತ್ತಿತ್ತು, ಮಂದವಾಗಿ, ಒಳಗೊಳಗೇ, ಕಂಬಳಿ ಹೊದ್ದುಕೊಂಡು ಯಾರೋ ಮಾತಾಡುವ ಹಾಗೆ. ಅದು ಆ ಸದ್ದೇ ಏನು? ನನ್ನ ಎದೆ ಧಸಕ್ಕೆಂದದ್ದು ನಿಜ. ಆದರೆ ಅದು ಗುರುತಿಗೆ ಧಸಕ್ಕೆಂದಿತೋ, ಅಕ್ಕನ ಮುಖ ಕಂಡು ಧಸಕ್ಕೆಂದಿತೋ ಬೇರ್ಪಡಿಸಿ ಹೇಳಲಾರೆ. ಅವಳು ಕಣ್ಣು ಮುಚ್ಚಿರಲಿಲ್ಲ. ಖಾಲಿ ಗೋಡೆಯನ್ನು ನೋಡುತ್ತಿದ್ದಳು.

"ಅಕ್ಕಾ, ಅಮ್ಮ ಯಾವುದರಲ್ಲಿ ಕಡೀತಿದ್ಲು?"

"ಅದೇ ಕಣೇ, ಮಣ್ಣಿನ ಗಡಿಗೆ..." ಎಂದವಳು ತಟ್ಟನೆ ನನ್ನ ಕಡೆ ತಿರುಗಿದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಅಕ್ಕ ನಗತೊಡಗಿದಳು. ನಾನೂ ನಕ್ಕೆ. ಡಿಕ್ಕಿಯಲ್ಲಿರುವ ಅಷ್ಟೂ ಕೋಲುಗಳನ್ನು ತಂದು ಮತ್ತೆ ಮೊದಲಿಂದ ನೋಡಬೇಕಿತ್ತು; ಯಾವುದರ ಸದ್ದು ನಿಜ ಎಂದು ಆಗಷ್ಟೇ ತಿಳಿಯುತ್ತಿತ್ತು. ಆದರೆ ಹೊರಗೆ ಟ್ರಕ್ಕು ಹಿಂದಕ್ಕೆ ಬರುವ ಕೀಂಕೀಂ ಶುರುವಾಯಿತು. "ಅಮ್ಮಾ, ಬಂದ್ರು" ಎಂದು ಅಕ್ಕನ ಮಗ ಕೂಗಿದ. ಅಕ್ಕ ಎದ್ದು ಮಜ್ಜಿಗೆಗೆ ಉಪ್ಪು ಹಾಕಿದಳು. ಕೋಲನ್ನು ತೊಳೆದು, ಸೆರಗಿನಲ್ಲಿ ಒರೆಸಿ, ಪೆಟ್ಟಿಗೆಗೆ ಹಾಕದೆ ತನ್ನ ಕೈಚೀಲದಲ್ಲಿ ಇಟ್ಟುಕೊಂಡಳು. ತುದಿ ಹೊರಗೆ ಇಣುಕುತ್ತಿತ್ತು.

ಗೋಕುಲಾಷ್ಟಮಿಯ ದಿನ ಆಸ್ಟಿನ್ನಿನಿಂದ ಫೋನು ಬಂತು. ಕೃಷ್ಣನ ಪಕ್ಕದಲ್ಲಿ ಕೋಲು ಇಟ್ಟಿದ್ದಾಳಂತೆ, ಗಾಯವಿರುವ ಕಡೆ ಗೋಡೆಗೆ ಮಾಡಿ. ಅಲ್ಲಿ ಒಂದು ಮಣ್ಣಿನ ಗಡಿಗೆಯೂ ಸಿಕ್ಕಿದೆಯಂತೆ. "ತಡಿ, ಕೇಳಿಸ್ತೀನಿ" ಎಂದು ಫೋನನ್ನು ಗಡಿಗೆಯ ಪಕ್ಕದಲ್ಲಿಟ್ಟು ಕಡೆದಳು. ನಾನು ಕಿವಿಗೆ ಒತ್ತಿ ಹಿಡಿದೆ. ಫೋನು ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿತು. ಈ ಕಡೆಗೆ ಒಂದು ಹನಿ ಸದ್ದೂ ಬರಲಿಲ್ಲ.

"ಕೇಳಿಸ್ತಾ? ಅದೇ ಅಲ್ವೇನೇ?"

"ಕೇಳಿಸ್ತಕ್ಕಾ," ಎಂದೆ. "ಅದೇ."

ಡಿಕ್ಕಿಯ ಕೋಲುಗಳು ಇನ್ನೂ ಡಿಕ್ಕಿಯಲ್ಲೇ ಇವೆ. ಬ್ರೇಕು ಹಾಕಿದಾಗಲೆಲ್ಲ ಒಟ್ಟಿಗೆ ಒಂದು ಕಡೆಗೆ ಹೊರಳಿ ಸದ್ದು ಮಾಡುತ್ತವೆ. ಕ್ಯಾಲೆಂಡರನ್ನು ಗೋಡೆಗೆ ಹಾಕದೆ ಮತ್ತೆ ಸುರುಳಿ ಸುತ್ತಿಟ್ಟಿದ್ದೇನೆ. ಆವತ್ತು ಅಕ್ಕನಿಗೆ ನಿಜವಾಗಿ ಆ ಸದ್ದು ಕೇಳಿಸಿತೋ, ಅಥವಾ ಫೋನಿನಲ್ಲಿ ನನಗೆ ಕೇಳಿಸಿದ ಹಾಗೆಯೇ ಕೇಳಿಸಿತೋ ಗೊತ್ತಿಲ್ಲ. ಅಮ್ಮನ ಕಡಗೋಲಿನ ತಲೆಗೆ ಎಸಳುಗಳಿದ್ದವೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ.